ಹೆಗಲು, ಭುಜ, ರಟ್ಟೆ: ಎಲ್ಲಿಂದ ಎಲ್ಲಿಗೆ?

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಕೈ ಎತ್ತಲಾಗದೆ ಬರುವವರಿಗೆ ಮನೆಯಲ್ಲಿ ಮಾಡುವ ವ್ಯಾಯಾಮವನ್ನು ಒಂದು ಹಾಳೆಯಲ್ಲಿ ಬರೆದುಕೊಡೋಣ ಅಂತ ಕೂತೆ. ಮೊದಲ ಸಾಲಲ್ಲೇ ಸಿಕ್ಕಿಬಿದ್ದೆ. ಶೋಲ್ಡರ್‌ಗೆ ಹೆಗಲು ಅನ್ನಲಾ, ಭುಜ ಅನ್ನಲಾ?

ನಿಘಂಟಿಗೆ ಎರಡೂ ಒಂದೇ. ನನ್ನ ಹತ್ತಿರ ಬರುವವರಿಗೆ ಒಂದೇ ಅಲ್ಲ. ‘ಹೆಗಲು ನೋವು’ ಅಂದವರು ಕತ್ತಿನ ಬುಡದ ಇಳಿಜಾರು ಮುಟ್ಟುತ್ತಾರೆ. ಟವಲ್ ಹಾಕುವ, ಕಬ್ಬಿನ ಹೊರೆ ಕೂರುವ ಜಾಗ ಅದು. ಭುಜ ಅಂದರೆ ಅಂಗಿ ತೋಳು ಶುರುವಾಗುವ ಉಬ್ಬು. ‘ರಟ್ಟೆ ಎತ್ತಕ್ಕೇ ಆಯ್ತಿಲ್ಲ’ ಅನ್ನುವವರೇ ಜಾಸ್ತಿ. ಅವರು ಹಿಡಿದು ತೋರಿಸುವುದು ಭುಜಕ್ಕಿಂತ ಕೆಳಗೆ, ಮೊಣಕೈಗಿಂತ ಮೇಲೆ.

ಭುಜ ಎಂದು ಬರೆದುಕೊಟ್ಟ ಹಾಳೆಯನ್ನು ಒಬ್ಬ ಅಜ್ಜಿ ಓದಿಸಿಕೊಂಡು ವಾಪಸ್ ಕೊಟ್ಟರು. ‘ಇದು ಭುಜದ್ದು ಕಣವ್ವ, ನಂಗೆ ರಟ್ಟೆದು ಕೊಡು.’

ಅಜ್ಜಿಯದು ತಪ್ಪಲ್ಲ. ಕೈಯನ್ನು ಪಕ್ಕಕ್ಕೆ ಎತ್ತುವಾಗ ಜೋರಾಗಿ ಎಳೆಯುವುದು ಭುಜದ ಉಬ್ಬು, ಅಂದರೆ ಡೆಲ್ಟಾಯ್ಡ್ ಸ್ನಾಯು. ಅದೊಂದೇ ಎಳೆದರೆ ತೋಳಿನ ಮೂಳೆಯ ಗುಂಡುತಲೆ ಮೇಲಕ್ಕೆ ಜಾರಿ, ಮೇಲಿರುವ ಮೂಳೆಗೆ ಒತ್ತುತ್ತದೆ. ಹಾಗೆ ಜಾರದಂತೆ ಗುಳಿಯಲ್ಲಿ ಹಿಡಿದಿಡಲು ಒಳಗೆ 4 ಸಣ್ಣ ಸ್ನಾಯುಗಳಿವೆ. ಅವುಗಳಲ್ಲಿ ಮೇಲಿನದು ಸುಪ್ರಾಸ್ಪೈನೇಟಸ್. ಕೈ ಏಳಲು ಶುರುವಾದಾಗಿನಿಂದಲೇ ಅದು ಡೆಲ್ಟಾಯ್ಡ್ ಜೊತೆ ದುಡಿಯುತ್ತದೆ. ಸವೆಯುವುದು, ಹರಿಯುವುದೂ ಅದರ ತುದಿಯೇ ಹೆಚ್ಚು. ತೊಂದರೆ ಭುಜದೊಳಗಿದ್ದರೂ ನೋವು ಮಾತ್ರ ಇಳಿದು ರಟ್ಟೆಯಲ್ಲಿ ಕಾಣಿಸುತ್ತದೆ!

ಹೆಗಲಿನ ಗೋಜಲು ಇನ್ನೊಂದು. ಕೈ ಪೂರ್ತಿ ಮೇಲೆ ಹೋಗಲು ಸುಮಾರು 180 ಡಿಗ್ರಿ ತಿರುಗಬೇಕು. ಅದರಲ್ಲಿ 60ರಷ್ಟು ಬರುವುದು ಭುಜದ ಕೀಲಿನಿಂದಲ್ಲ, ಬೆನ್ನಿನ ಮೇಲಿರುವ ಹಲಗೆಯಂಥ ಮೂಳೆ ತಿರುಗುವುದರಿಂದ. ಅದನ್ನು ತಿರುಗಿಸುವುದು ಹೆಗಲಿನಿಂದ ಬೆನ್ನಿಗೆ ಹರಡಿದ ಟ್ರೆಪೀಜಿಯಸ್, ಪಕ್ಕೆಲುಬು ಹಿಡಿದಿರುವ ಸೆರೇಟಸ್ ಅನ್ನುವ ಸ್ನಾಯುಗಳು. ಭುಜದ ಕೀಲು ಬಿಗಿದವರು ಇದನ್ನೇ ನೆಚ್ಚಿಕೊಂಡು ಹೆಗಲನ್ನು ಕಿವಿಯ ತನಕ ತರುತ್ತಾರೆ, ಕೈ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. ಅವರಿಗೆ ನಾನು ಹೇಳಬೇಕಾದ್ದು ‘ಹೆಗಲು ಎತ್ತಬೇಡಿ, ಕೈ ಎತ್ತಿ’. ಹೆಗಲೂ ಭುಜವೂ ಒಂದೇ ಆದರೆ ಈ ಸಾಲಿಗೆ ಅರ್ಥವೇ ಇಲ್ಲ, ಅಲ್ವಾ?

ಪದಗಳ ಹುಟ್ಟು ನೋಡಿದರೂ ಬೇರೆ ಬೇರೆಯೇ. ಹೆಗಲು ಹಳಗನ್ನಡದ ಪೆಗಲ್. ರಟ್ಟೆಗೆ ತೆಲುಗಿನಲ್ಲಿ ರೆಟ್ಟ ಇದೆ. ಭುಜ ಸಂಸ್ಕೃತದ್ದು, ಅಲ್ಲಿ ಅದು ತೋಳು. ಚತುರ್ಭುಜ ಅಂದರೆ ನಾಲ್ಕು ಕೈಯವನು, ನಾಲ್ಕು ಹೆಗಲಿನವನಲ್ಲ. ತೋಳಿನ ಹೆಸರು ಕನ್ನಡಕ್ಕೆ ಬಂದು ಮೇಲಕ್ಕೆ ಹತ್ತಿ ಕೂತಿದೆ.

ಈಗ ಪ್ರಶ್ನೆ. ನಿಮ್ಮ ಕಡೆ ಈ ಮೂರಕ್ಕೂ ಬೇರೆ ಬೇರೆ ಜಾಗ ಇದೆಯಾ? ರಟ್ಟೆ ಅಂದರೆ ಮೈಸೂರಿನಾಚೆಯವರಿಗೂ ತಿಳಿಯುತ್ತದೆಯಾ? ಇನ್ನು ಆ ಬೆನ್ನಿನ ಮೂಳೆಗೆ ನಿಮ್ಮ ಮನೆಯ ಹಿರಿಯರು ಏನನ್ನುತ್ತಿದ್ದರು? ಸದ್ಯಕ್ಕೆ ‘ಹಲಗೆ ಮೂಳೆ’ ಅಂತ ಬರೆದಿದ್ದೇನೆ. ಅಂಸಫಲಕ ಅಂತ ಮಾತ್ರ ಹೇಳಬೇಡಿ, ಆ ಅಜ್ಜಿ ಮತ್ತೆ ಹಾಳೆ ವಾಪಸ್ ಕೊಡ್ತಾರೆ.