ಕೊರ್ಡೋಬಾ, ರೋಮ್, ಸ್ಯಾಂಟೊರಿನಿ: ಎರಡು ವಾರದಲ್ಲಿ ಮೂರೂ ಆಗುತ್ತಾ? ಕ್ಯಾಮೆರಾ ಇರುವವರು ಹೇಳಿ

ಸೇಡಂರೋಡ್ (ಕಲಬುರಗಿ):

ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಮನೆಯವರು ಸೆಪ್ಟೆಂಬರ್ ಕೊನೆಗೆ ದಕ್ಷಿಣ ಯುರೋಪಿಗೆ ಹೋಗಬೇಕು ಅಂತ ಮಾಡಿದ್ದೇವೆ. ಸಿಗುವುದು ಎರಡು ವಾರದ ರಜೆ ಅಷ್ಟೇ. ಫೋಟೋ ಹುಚ್ಚು ನನಗೆ, ತಿರುಗುವ ಹುಚ್ಚು ಅವರಿಗೆ. ನಾನು ಒಂದು ಕಮಾನಿನ ಮುಂದೆ ಬೆಳಕಿಗೆ ಕಾಯುತ್ತಾ ನಿಂತರೆ ಅವರು ಅಷ್ಟರಲ್ಲಿ ಅರ್ಧ ಊರು ಸುತ್ತಿ, ಚಹಾ ಕುಡಿದು, "ಇನ್ನೂ ಆಗಿಲ್ವಾ?" ಅಂತ ಬಂದು ನಿಲ್ಲುತ್ತಾರೆ.

ನಮ್ಮ ಕೋಟೆಯೊಳಗಿನ ಜಾಮಿ ಮಸೀದಿ ಸ್ಪೇನಿನ ಕೊರ್ಡೋಬಾ ಮಸೀದಿ ಹಾಗೆ ಇದೆ ಅಂತ ಶಾಲೆಯ ದಿನಗಳಿಂದ ಕೇಳುತ್ತಾ ಬಂದಿದ್ದೇನೆ. ಊರಿಗೆ ಬಂದ ನೆಂಟರಿಗೆಲ್ಲ ನಾನೂ ಅದನ್ನೇ ಹೇಳುತ್ತೇನೆ, ಅದನ್ನು ನೋಡದೆಯೇ! ಹಾಗಾಗಿ ನನಗೆ ಕೊರ್ಡೋಬಾ ಬೇಕೇ ಬೇಕು. ಅವರ ಪಟ್ಟಿ ಬೇರೆ: ರೋಮ್, ವೆನಿಸ್, ಅಥೆನ್ಸ್, ಸ್ಯಾಂಟೊರಿನಿ. ಒಂದು ಟ್ರಾವೆಲ್ಸ್‌ನವರು ಇದೆಲ್ಲ ಸೇರಿಸಿ ಪ್ಯಾಕೇಜ್ ಕೊಟ್ಟಿದ್ದಾರೆ. ಅದರಲ್ಲಿ ಸ್ಪೇನ್ ಅಂದರೆ ಬಾರ್ಸಿಲೋನಾ ಮಾತ್ರ, ಅದೂ ಒಂದೇ ದಿನ.

ಕೇಳಬೇಕಾಗಿರುವುದು ಇಷ್ಟು. ಏನು ಬಿಡಬೇಕು? ಟ್ರೈಪಾಡ್ ಒಯ್ಯಬೇಕಾ? ನನ್ನ ಹತ್ತಿರ 24-105 ಲೆನ್ಸ್ ಇದೆ, ವೈಡ್ ಒಂದು ಕೊಳ್ಳಬೇಕಾ? ನಾವಿಬ್ಬರೂ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಇನ್ನೊಂದು, ಇಳಕಲ್ ಸೀರೆ ಉಟ್ಟು ಒಂದೆರಡು ಒಳ್ಳೆ ಫೋಟೋ ಬೇಕು, ಇಬ್ಬರೂ ಫ್ರೇಮಿನಲ್ಲಿ ಇರುವಂಥವು. ನಗಬೇಡಿ.

ಶಹಾಬಾದ್‌ಕಲ್ಲು:

ಅಕ್ಕಾ, ಮೊದಲು ಆ ಪ್ಯಾಕೇಜ್ ಬಿಡಿ. ಎರಡು ವಾರದಲ್ಲಿ ಅಷ್ಟು ಊರು ಅಂದರೆ ನಿಮ್ಮ ಕ್ಯಾಮೆರಾದಲ್ಲಿ ಬರುವುದು ಬಸ್ಸಿನ ಕಿಟಕಿ, ವಿಮಾನ ನಿಲ್ದಾಣ ಮತ್ತು ಮಧ್ಯಾಹ್ನದ ಬಿಸಿಲು. ಗುಂಪಿನ ಬಸ್ಸುಗಳು ಒಳ್ಳೆ ಬೆಳಕು ಹೋದ ಮೇಲೆ ಬಂದು, ಒಳ್ಳೆ ಬೆಳಕು ಬರುವ ಮೊದಲೇ ಹೊರಟುಬಿಡುತ್ತವೆ.

ಸ್ಯಾಂಟೊರಿನಿ ನಾನಾದರೆ ಬಿಡುತ್ತೇನೆ. ಅಲ್ಲಿನ ಇಯಾ (Oia) ಅನ್ನುವ ಊರಿನಲ್ಲಿ ಸಂಜೆ ಸೂರ್ಯಾಸ್ತಕ್ಕೆ ಜನ ಗೋಡೆ ಮೇಲೆಲ್ಲ ಜಾಗ ಹಿಡಿದು ಕೂತಿರುತ್ತಾರೆ, ಎಲ್ಲರದ್ದೂ ಅದೇ ನೀಲಿ ಗುಮ್ಮಟದ ಫೋಟೋ. ಗ್ರೀಸ್ ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ.

ಕೊರ್ಡೋಬಾ ವಿಷಯಕ್ಕೆ ಬರುತ್ತೇನೆ, ಇದು ನನ್ನ ಇಷ್ಟದ ವಿಷಯ. ನಮ್ಮಲ್ಲಿ ಹೇಳುವ ಹೋಲಿಕೆ ಅರ್ಧ ನಿಜ. ನಮ್ಮದು 1367ರದು. ಅಂಗಳವೇ ಇಲ್ಲ, ಇಡೀ ಕಟ್ಟಡಕ್ಕೆ ಮೇಲ್ಛಾವಣಿ, ಮೇಲೆಲ್ಲ ಗುಮ್ಮಟಗಳು. ಭಾರತದ ದೊಡ್ಡ ಮಸೀದಿಗಳಲ್ಲಿ ಇದು ಅಪರೂಪ, ಅದಕ್ಕೇ ಕೊರ್ಡೋಬಾ ನೆನಪಾಗಿರಬೇಕು. ಆದರೆ ಕೊರ್ಡೋಬಾದಲ್ಲಿ ದೊಡ್ಡ ಅಂಗಳ ಇದೆ, ಕಿತ್ತಳೆ ಮರಗಳ ಅಂಗಳ. ಒಳಗೆ 850ಕ್ಕೂ ಜಾಸ್ತಿ ಕಂಬಗಳು. ಎಂಟನೇ ಶತಮಾನದ ಕೊನೆಗೆ ಕಟ್ಟಲು ಶುರು ಮಾಡಿದಾಗ ಹಳೆಯ ರೋಮನ್, ವಿಸಿಗೋಥ್ ಕಟ್ಟಡಗಳ ಕಂಬ ತಂದು ನಿಲ್ಲಿಸಿದರು. ಆ ಕಂಬಗಳು ಗಿಡ್ಡ. ಎತ್ತರ ಸಾಲಲಿಲ್ಲ ಅಂತ ಕಮಾನಿನ ಮೇಲೆ ಇನ್ನೊಂದು ಕಮಾನು ಕಟ್ಟಿದರು. ಕೆಂಪು ಬಿಳಿ ಪಟ್ಟೆಯ ಆ ಜೋಡಿ ಕಮಾನು ಬಂದಿದ್ದು ಹಾಗೆ. 1236ರಲ್ಲಿ ಅದು ಚರ್ಚ್ ಆಯಿತು, ಹದಿನಾರನೇ ಶತಮಾನದಲ್ಲಿ ಕಂಬಗಳ ನಟ್ಟನಡುವೆ ದೊಡ್ಡ ಕೆಥೆಡ್ರಲ್ ಎಬ್ಬಿಸಿದರು. ಹಾಗಾಗಿ ಕಂಬಗಳ ಸಾಲಿನಲ್ಲಿ ನಡೆಯುತ್ತಾ ಹೋದರೆ ಇದ್ದಕ್ಕಿದ್ದಂತೆ ಬೆಳ್ಳನೆಯ ಬೇರೊಂದು ಕಟ್ಟಡ ಎದುರಾಗುತ್ತದೆ.

ಫೋಟೋಗೆ ಮುಖ್ಯ ವ್ಯತ್ಯಾಸ ಬೆಳಕು. ನಮ್ಮ ಮಸೀದಿಯ ಪಕ್ಕಗಳು ತೆರೆದಿವೆ, ಅಗಲ ಕಮಾನುಗಳಿಂದ ಬೆಳಕು ನೆಲದ ಮೇಲೆ ಹಾಸಿಕೊಂಡು ಬರುತ್ತದೆ. ಕೊರ್ಡೋಬಾದಲ್ಲಿ ಅಂಗಳದ ಕಡೆಯ ಕಮಾನುಗಳನ್ನು ಹೆಚ್ಚಿನಂಶ ಮುಚ್ಚಿದ್ದಾರೆ. ಒಳಗೆ ಕತ್ತಲೆ, ಟ್ರೈಪಾಡ್ ಇಲ್ಲ. ಹೊರಡುವ ಮೊದಲು ಒಂದು ಬೆಳಿಗ್ಗೆ ಕೋಟೆಗೆ ಹೋಗಿ, ಟ್ರೈಪಾಡ್ ಇಲ್ಲದೆ ಕೈಯಲ್ಲೇ ಹಿಡಿದು, ಐಎಸ್‌ಒ (ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ) 3200, 6400 ಹಾಕಿ ತೆಗೆದು ನೋಡಿ. ನಿಮ್ಮ ಕ್ಯಾಮೆರಾ ಎಷ್ಟು ತಡೆಯುತ್ತದೆ ಅಂತ ಗೊತ್ತಾಗುತ್ತದೆ. ವೈಡ್ ಲೆನ್ಸ್ ಕೊಳ್ಳಬೇಡಿ. ಆ ಕಂಬಗಳ ಸಾಲು ವೈಡ್‌ನಲ್ಲಿ ಚದುರಿಹೋಗುತ್ತದೆ. ನಿಮ್ಮ ಲೆನ್ಸನ್ನೇ 70, 80 ಮಿ.ಮೀ.ಗೆ ಜೂಮ್ ಮಾಡಿ ತೆಗೆದರೆ ಒಂದರ ಮೇಲೊಂದು ಒತ್ತಿಕೊಂಡು ನಿಲ್ಲುತ್ತದೆ, ಅದೇ ಚೆಂದ.

ಇನ್ನೊಂದು ಗುಟ್ಟು. ಸ್ಪೇನಿನ ಗಡಿಯಾರ ಸೂರ್ಯನಿಗಿಂತ ತುಂಬಾ ಮುಂದೆ ಓಡುತ್ತದೆ. ಸೆಪ್ಟೆಂಬರ್ ಕೊನೆಗೆ ಕೊರ್ಡೋಬಾದಲ್ಲಿ ಸೂರ್ಯ ಹುಟ್ಟುವುದೇ ಬೆಳಿಗ್ಗೆ 8 ದಾಟಿದ ಮೇಲೆ, ನೆತ್ತಿ ಮೇಲೆ ಬರುವುದು ಮಧ್ಯಾಹ್ನ 2ರ ನಂತರ. ನಾಲ್ಕಕ್ಕೆ ಏಳುವ ಕಷ್ಟ ಇಲ್ಲ. ಸೋಮವಾರದಿಂದ ಶನಿವಾರ ಬೆಳಿಗ್ಗೆ 8:30ರಿಂದ 9:30ರವರೆಗೆ ಅಲ್ಲಿ ಟಿಕೆಟ್ ಇಲ್ಲದೆ ಬಿಡುತ್ತಾರೆ, ಗುಂಪುಗಳು ಇರುವುದಿಲ್ಲ. ಆ ಒಂದು ಗಂಟೆ ನಿಮ್ಮದು. ಸಂಜೆ ಗ್ವಾಡಲ್‌ಕಿವಿರ್ ನದಿಯ ರೋಮನ್ ಸೇತುವೆ ದಾಟಿ ಆಚೆ ದಡದಿಂದ ತೆಗೆಯಿರಿ, ದೀಪ ಹತ್ತಿದ ಮೇಲೂ ಆಕಾಶ ಇನ್ನೂ ನೀಲಿ ಇರುವಾಗ.

ಸ್ಪೇನಿನದೇ ಗ್ರಾನಾಡಾ ಊರಿನ ಅಲ್‌ಹಂಬ್ರಾ ಕೋಟೆಗೆ ಟಿಕೆಟ್ ಈಗಲೇ ಮಾಡಿಸಿ. ಅದರೊಳಗಿನ ನಸ್ರಿದ್ ಅರಮನೆಗಳಿಗೆ ಒಳಹೋಗುವ ಸಮಯ ಟಿಕೆಟ್ ಮೇಲೇ ಇರುತ್ತದೆ, ತಪ್ಪಿದರೆ ಹೋಯಿತು. ಪಾಸ್‌ಪೋರ್ಟ್ ಜೊತೆಗಿರಲಿ. ಅಲ್ಲಿನ ಸಿಂಹಗಳ ಅಂಗಳ ಕಟ್ಟಿದ್ದು ನಮ್ಮಲ್ಲಿ ಬಹಮನಿಗಳು ಇದ್ದ ಕಾಲದಲ್ಲೇ, ಹದಿನಾಲ್ಕನೇ ಶತಮಾನ. ಹೊರಗಿನಿಂದ ಕೋಟೆ ಪೂರ್ತಿ ಬೇಕು ಅಂದರೆ ಎದುರು ಗುಡ್ಡದ ಸಾನ್ ನಿಕೊಲಾಸ್ ಕಟ್ಟೆಗೆ ಹೋಗಿ.

ಬಿದರಿಕಪ್ಪು (ಬೀದರ್):

ಮೇಲಿನ ಅಣ್ಣ ಹೇಳಿದ್ದೆಲ್ಲ ಸರಿ, ಆದರೆ ಮನೆಯವರಿಗೆ ಒಂದು ಊರೂ ಬಿಡುವುದಿಲ್ವಾ? ಹಾಗೆ ಮಾಡಿದರೆ ಆ ಮನುಷ್ಯ ಎರಡು ವಾರ ಬ್ಯಾಗ್ ಕಾಯುತ್ತಾ ಕೂರಬೇಕು. ನನ್ನ ಲೆಕ್ಕ ಹೀಗೆ: ಮೊದಲು ರೋಮ್, ಅದು ಅವರದು. ಅಲ್ಲಿಂದ ಸ್ಪೇನಿನ ಸೆವಿಲ್ಲಾಗೆ ನೇರ ವಿಮಾನ, ಆಮೇಲೆ ಕೊರ್ಡೋಬಾ, ಗ್ರಾನಾಡಾ ರೈಲಿನಲ್ಲಿ. ಸೆವಿಲ್ಲಾದಿಂದ ಕೊರ್ಡೋಬಾ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆ ಅಷ್ಟೇ. ವೆನಿಸ್ ಬಿಡಿ. ಆ ಅಗ್ಗದ ವಿಮಾನಗಳಲ್ಲಿ ಕೈಚೀಲದ ಅಳತೆ ಬಿಗಿಯಾಗಿ ನೋಡುತ್ತಾರೆ, ಕ್ಯಾಮೆರಾ ಬ್ಯಾಗ್ ಅಳೆದು ನೋಡಿಕೊಂಡೇ ಟಿಕೆಟ್ ಮಾಡಿ. ಹೆಚ್ಚುವರಿ ಬ್ಯಾಟರಿ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ರೋಮ್‌ನಲ್ಲಿ ಸಿಸ್ಟೀನ್ ಚಾಪೆಲ್ ಒಳಗೆ ಫೋಟೋ ನಿಷೇಧ, ಸುಮ್ನೆ ವಾದ ಮಾಡಬೇಡಿ. ಪ್ಯಾಂಥಿಯನ್ ಅನ್ನುವ ಹಳೆಯ ರೋಮನ್ ದೇಗುಲಕ್ಕೆ 2023ರಿಂದ ಟಿಕೆಟ್ ಇದೆ. ಅದರ ಗುಮ್ಮಟದ ನಡುವಿನ ತೂತಿನಿಂದ ಬಿಸಿಲಿನ ಕೋಲು ಗೋಡೆ ಮೇಲೆ ಸರಿಯುತ್ತಾ ಹೋಗುವುದನ್ನು ನೋಡಲೇಬೇಕು.

ಸೀರೆಗೆ ಜಾಗ ಸೆವಿಲ್ಲಾದ ಪ್ಲಾಸಾ ದೆ ಎಸ್ಪಾನ್ಯಾ. 1929ರ ಪ್ರದರ್ಶನಕ್ಕೆ ಕಟ್ಟಿದ್ದು, ಅರ್ಧಚಂದ್ರದ ಕಟ್ಟಡ, ಕೆಳಗೆ ಒಂದೊಂದು ಪ್ರಾಂತ್ಯಕ್ಕೂ ಬಣ್ಣದ ಟೈಲ್ಸ್ ಹಾಕಿದ ಕಟ್ಟೆ. ನಮ್ಮ ಗಾವಾನ್ ಮದರಸಾದ ಉಳಿದ ಮಿನಾರಿನ ಮೇಲಿನ ಟೈಲ್ಸ್ ನೋಡಿ ಬೆಳೆದವನಿಗೆ ಅಲ್ಲಿಂದ ಏಳಲು ಮನಸ್ಸೇ ಬರಲಿಲ್ಲ. ಇಳಕಲ್ ಸೀರೆಯ ಕೆಂಪು ಅಂಚು ಆ ನೀಲಿ ಹಳದಿಯ ಮುಂದೆ ಎದ್ದು ಕಾಣುತ್ತದೆ. ಇಬ್ಬರೂ ಫ್ರೇಮಿನಲ್ಲಿ ಇರಬೇಕು ಅಂದರೆ ಕುತ್ತಿಗೆಯಲ್ಲಿ ಕ್ಯಾಮೆರಾ ಇರುವ ಯಾರನ್ನಾದರೂ ಕೇಳಿ. ಫೋಕಸ್, ಎಕ್ಸ್‌ಪೋಶರ್ ನೀವೇ ಹಾಕಿಟ್ಟು, ನಿಲ್ಲಬೇಕಾದ ಜಾಗವನ್ನೂ ತೋರಿಸಿ. ಬದಲಿಗೆ ಅವರದ್ದೂ ಒಂದು ತೆಗೆದುಕೊಡಿ.

ವೀಸಾ: ಎಲ್ಲಿ ಜಾಸ್ತಿ ರಾತ್ರಿ ಇರುತ್ತೀರೋ ಆ ದೇಶಕ್ಕೇ ಅರ್ಜಿ. ಈ ಲೆಕ್ಕದಲ್ಲಿ ಸ್ಪೇನ್. ವಿಮಾನ ಮೊದಲು ಇಳಿಯುವುದು ರೋಮ್‌ನಲ್ಲಾದರೂ ಪರವಾಗಿಲ್ಲ. ದೊಡ್ಡವರಿಗೆ ಶುಲ್ಕ 90 ಯೂರೋ, ವೀಸಾ ಅರ್ಜಿ ಕೇಂದ್ರದ ಖರ್ಚು ಬೇರೆ. 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕೊನೆಗೆ ಓಡಾಡಬೇಡಿ.

ತೊಗರಿಕಣಜ:

ಊಟದ ವಿಷಯ ನಾನು ಹೇಳುತ್ತೇನೆ. ಸ್ಪೇನ್‌ನಲ್ಲಿ ಟೋರ್ಟಿಯಾ ಅಂದರೆ ಮೊಟ್ಟೆ, ಬೇಡ. ಕೊರ್ಡೋಬಾದಲ್ಲಿ ಸಾಲ್ಮೊರೆಹೋ ಅಂತ ಟೊಮೆಟೊ, ಬ್ರೆಡ್ ರುಬ್ಬಿದ ತಣ್ಣನೆಯ ಗಟ್ಟಿ ಸೂಪ್ ಸಿಗುತ್ತದೆ. ಅದರ ಮೇಲೆ ಹಂದಿಮಾಂಸ, ಮೊಟ್ಟೆ ಉದುರಿಸುತ್ತಾರೆ. "ಸಿನ್ ಹಾಮೋನ್, ಸಿನ್ ವೇವೊ" ಅಂತ ಮೊದಲೇ ಹೇಳಬೇಕು. ಸೆವಿಲ್ಲಾದಲ್ಲಿ ಪಾಲಕ್ ಮತ್ತು ಕಾಬೂಲಿ ಕಡಲೆಯ ಪಲ್ಯ ಸಿಗುತ್ತದೆ, ಜೀರಿಗೆ ಹಾಕಿರುತ್ತಾರೆ, ನಮ್ಮ ಬಾಯಿಗೆ ಹಿಡಿಸುತ್ತದೆ. ರಾತ್ರಿ ಊಟ ಅಲ್ಲಿ ಶುರುವಾಗುವುದೇ 8:30, 9ಕ್ಕೆ. ಸೂರ್ಯಾಸ್ತದ ಫೋಟೋ ಮುಗಿಸಿಕೊಂಡೇ ಊಟಕ್ಕೆ ಹೋಗಬಹುದು, ಅಕ್ಕನಿಗೆ ಒಳ್ಳೆಯದೇ ಆಯಿತು.

ಕಟಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಧಾರಾಳವಾಗಿ ಒಯ್ಯಿರಿ. ಪೇಢಾ, ತುಪ್ಪ ಮಾತ್ರ ಬೇಡ. ಹೊರಗಿನ ದೇಶದ ಹಾಲಿನ ಪದಾರ್ಥಗಳನ್ನು ಯುರೋಪಿನ ಒಳಗೆ ಬಿಡುವುದಿಲ್ಲ.

ಸೇಡಂರೋಡ್:

ತುಂಬಾ ಥ್ಯಾಂಕ್ಸ್. ರೋಮ್ ಕೊಟ್ಟರೆ ಉಳಿದದ್ದೆಲ್ಲ ನಿನ್ನಿಷ್ಟ ಅಂದಿದ್ದಾರೆ ಮನೆಯವರು. ಬಿದರಿಕಪ್ಪು ಅವರೇ, ನಿಮ್ಮ ಪರವಾಗಿ ನಮ್ಮ ಮನೆಯಲ್ಲಿ ದೊಡ್ಡ ಭಾಷಣ ಆಯಿತು. ಕ್ಯಾಮೆರಾ ಒಯ್ದು ವಾಪಸ್ ತರುವಾಗ ಕಸ್ಟಮ್ಸ್‌ನವರು ಕೇಳುತ್ತಾರಾ? ಬಿಲ್ ಎಲ್ಲೋ ಹೋಗಿದೆ.

ಶಹಾಬಾದ್‌ಕಲ್ಲು:

ಹಳೆಯ ಕ್ಯಾಮೆರಾಗೆ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಅನುಮಾನ ಇದ್ದರೆ ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಹೋಗುವಾಗಲೇ ಕಸ್ಟಮ್ಸ್ ಕೌಂಟರಿನಲ್ಲಿ ಕ್ಯಾಮೆರಾ, ಲೆನ್ಸ್ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಬರೆಸಿಕೊಳ್ಳಿ. ಸೀರಿಯಲ್ ನಂಬರ್ ಹಾಕಿ ಕೊಡುತ್ತಾರೆ. ಲಗೇಜ್ ಚೆಕ್‌ಇನ್‌ಗೆ ಬೇಗ ಹೋಗಿ, ಆ ಕೌಂಟರಿನಲ್ಲಿ ಸ್ವಲ್ಪ ಕಾಯಬೇಕಾಗುತ್ತದೆ. ಕೋಟೆಯಲ್ಲಿ ಐಎಸ್‌ಒ 6400ರಲ್ಲಿ ತೆಗೆದದ್ದು ಇಲ್ಲಿ ಹಾಕಿ, ನೋಡೋಣ.