ಕಪ್ ಇಲ್ಲದ ಮುಟೊಂಬೊ ದೊಡ್ಡ ಆಟಗಾರನಾ? ಮನೆ ಗುಂಪಿನ ವಾದ

ಅಕ್ಕ: (ಫೋಟೊ) ಬ್ಯಾಸ್ಕೆಟ್‌ಬಾಲ್ ಆಟಗಾರ ಡಿಕೆಂಬೆ ಮುಟೊಂಬೊ, 1994, ಅಮೆರಿಕದ ಸಿಯಾಟಲ್. ನೆಲದ ಮೇಲೆ ಅಂಗಾತ ಬಿದ್ದು, ಎರಡೂ ಕೈಯಲ್ಲಿ ಚೆಂಡು ಹಿಡಿದು ನಗುತ್ತಿದ್ದಾನೆ. 2024ರಲ್ಲಿ ಮೆದುಳಿನ ಗೆಡ್ಡೆಯಿಂದ ಹೋಗಿಬಿಟ್ಟ, 58ಕ್ಕೇ. ಎಂಥಾ ಆಟಗಾರ!

ಮಾವ: ಫೋಟೊ ಚೆನ್ನಾಗಿದೆ. ಆದರೆ 18 ಸೀಸನ್ ಆಡಿ ಒಂದು ಕಪ್ ಕೂಡ ಇಲ್ಲ. ಪಂದ್ಯಕ್ಕೆ ಸರಾಸರಿ 10 ಪಾಯಿಂಟ್ ಸಹ ಇಲ್ಲ.

ನಾನು: ಮಾವ, ಅವನು ಹಾಕಿದ ಪಾಯಿಂಟ್ ಮಾತ್ರ ಎಣಿಸಿದಿರಿ. ತಡೆದದ್ದು? 3,289 ಬ್ಲಾಕ್, ಅಂದರೆ ಎದುರಾಳಿ ಬುಟ್ಟಿಗೆ ಎಸೆದ ಚೆಂಡನ್ನು ಗಾಳಿಯಲ್ಲೇ ತಡೆದದ್ದು. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಹಕೀಮ್ ಒಲಾಜುವಾನ್ ಒಬ್ಬನೇ ಅವನಿಗಿಂತ ಮುಂದೆ. ಇವನು ನಿಂತಿದ್ದಾನೆ ಅಂತ ಬುಟ್ಟಿ ಹತ್ತಿರ ಬರದೆ ದೂರದಿಂದಲೇ ಎಸೆದವರು ಎಷ್ಟು ಜನವೋ! ಅದು ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಮಾವ: ಬ್ಲಾಕ್ ಮಾಡಿ ಬೆರಳು ಅಲ್ಲಾಡಿಸುವುದು ಯಾಕೆ? ನಮ್ಮ ಕಾಲೇಜು ಕೋಚ್ ಆಗಿದ್ದರೆ ಬೆಂಚಲ್ಲಿ ಕೂರಿಸುತ್ತಿದ್ದರು.

ಚಿಕ್ಕಪ್ಪ: ಅಲ್ಲೂ ಬಿಡಲಿಲ್ಲ ಭಾವ. ಎದುರಾಳಿ ಮುಖಕ್ಕೆ ಬೆರಳು ಮಾಡಿದರೆ ಟೆಕ್ನಿಕಲ್ ಫೌಲ್ (ನಡತೆ ಸರಿಯಿಲ್ಲ ಅಂತ ದಂಡ) ಕೊಟ್ಟರು. ಆಮೇಲೆ ಜನರ ಕಡೆ ತಿರುಗಿ ಅಲ್ಲಾಡಿಸುತ್ತಿದ್ದ.

ಅತ್ತೆ: ರೀ, ಆಸ್ಪತ್ರೆ ಕಟ್ಟಿಸಿದ್ದು ಓದಿದಿರಾ? ಅವನ ದೇಶ ಕಾಂಗೊದ ಕಿನ್ಶಾಸಾದಲ್ಲಿ, 300 ಹಾಸಿಗೆ, ತಾಯಿಯ ಹೆಸರಲ್ಲಿ. ಊರಲ್ಲಿ ಗಲಭೆ, ಆ ತಾಯಿಯನ್ನು ಸಮಯಕ್ಕೆ ಆಸ್ಪತ್ರೆಗೆ ಸೇರಿಸಲು ಆಗಲಿಲ್ಲವಂತೆ. ಓದಿ ಹೊಟ್ಟೆಯಲ್ಲಿ ಸಂಕಟವಾಯಿತು.

ಮಾವ: ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಆಟ ಅಳೆಯುವಾಗ ಆಸ್ಪತ್ರೆ ತರಬೇಡಿ.

ಅಕ್ಕ: ಯಾಕೆ ತರಬಾರದು ಮಾವ? 1987ರಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯಕ್ಕೆ ಹೋದದ್ದೇ ಡಾಕ್ಟರ್ ಆಗಬೇಕು ಅಂತ. ಸ್ಕಾಲರ್‌ಶಿಪ್ ಸಿಕ್ಕಿದ್ದು ಓದಿಗೆ, ಆಟಕ್ಕಲ್ಲ. 7 ಅಡಿ 2 ಇಂಚಿನ ಹುಡುಗ, ಅಲ್ಲಿನ ಬ್ಯಾಸ್ಕೆಟ್‌ಬಾಲ್ ಕೋಚ್ ಜಾನ್ ಥಾಂಪ್ಸನ್ ಬಿಡುತ್ತಾರಾ? ಡಾಕ್ಟರ್ ಆಗಲಿಲ್ಲ. ಆಡಿ ದುಡಿದ ದುಡ್ಡಲ್ಲಿ ಸುಮಾರು 1.5 ಕೋಟಿ ಡಾಲರ್ ಆ ಆಸ್ಪತ್ರೆಗೆ ಹಾಕಿದ.

ನಾನು: ಅಕ್ಕಾ, ಇದೊಂದರಲ್ಲಿ ನಾನು ಮಾವನ ಕಡೆ. ಆಸ್ಪತ್ರೆ ಪಕ್ಕಕ್ಕಿಡೋಣ, ಆಟದಲ್ಲೇ ಅವನು ದೊಡ್ಡವನು. ನೀನು ಹಾಕಿದ ಫೋಟೊನೇ ಸಾಕು. ಲೀಗ್ ಮುಗಿದ ಮೇಲಿನ ಪ್ಲೇಆಫ್, ಐದರಲ್ಲಿ ಮೂರು ಗೆದ್ದ ತಂಡ ಮುಂದಕ್ಕೆ. ಸಿಯಾಟಲ್ 1ನೇ ಸ್ಥಾನ, ಇವನ ತಂಡ ಡೆನ್ವರ್ 8ನೇ ಸ್ಥಾನ. ಮೊದಲ 2 ಪಂದ್ಯ ಸೋತು ಮುಂದಿನ 3 ಗೆದ್ದರು. ಅಲ್ಲಿಯವರೆಗೆ 8ನೇ ತಂಡ ಹಾಗೆ 1ನೇ ತಂಡವನ್ನು ಮನೆಗೆ ಕಳಿಸಿರಲೇ ಇಲ್ಲ. ಐದನೇ ಪಂದ್ಯ ಸಮವಾಗಿ ಓವರ್‌ಟೈಮ್‌ಗೆ (ಹೆಚ್ಚುವರಿ ಸಮಯಕ್ಕೆ) ಹೋಯಿತು. ಕೊನೇ ರೀಬೌಂಡ್ (ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡು) ಹಿಡಿದವನು ಹಾಗೇ ನೆಲಕ್ಕೆ ಬಿದ್ದ. ಆ 5 ಪಂದ್ಯದಲ್ಲಿ 31 ಬ್ಲಾಕ್ ಮಾವ.

ಮಾವ: 31? ಐದೇ ಪಂದ್ಯಕ್ಕಾ?

ನಾನು: ಹೌದು.

ಮಾವ: ಆ ಐದನೇ ಪಂದ್ಯದ ವಿಡಿಯೊ ಇದ್ದರೆ ಹಾಕು, ಊಟ ಆದ ಮೇಲೆ ನೋಡುತ್ತೇನೆ. ಕಪ್ ಇಲ್ಲ ಅನ್ನುವ ಮಾತು ಮಾತ್ರ ಬಿಡುವುದಿಲ್ಲ.

ಅತ್ತೆ: ಟಿವಿಗೆ ಹಾಕಿ ರೀ, ನಾನೂ ನೋಡುತ್ತೇನೆ.