ಗದ್ದದ ಕೂದಲು, ಕೆನ್ನೆಯ ಬಂಗು: ಎರಡಕ್ಕೂ ಒಂದೇ ಲೈಟ್ ಟ್ರೀಟ್‌ಮೆಂಟ್ ಸರಿಯೇ?

ಪ್ರಶ್ನೆ: ಶ್ರಾವಣಿ_ಹಾಸನ

ವಯಸ್ಸು 31, ಎಣ್ಣೆಗೆಂಪು ಬಣ್ಣ. ಬಿಸಿಲಿಗೆ ಹೋದರೆ ಚರ್ಮ ಕೆಂಪಾಗುವುದಿಲ್ಲ, ನೇರವಾಗಿ ಕಪ್ಪಾಗುತ್ತದೆ. ಗದ್ದ ಮತ್ತು ದವಡೆಯ ಕೆಳಗೆ ದಪ್ಪ ಕಪ್ಪು ಕೂದಲು ಇದೆ, 15 ದಿನಕ್ಕೊಮ್ಮೆ ಥ್ರೆಡಿಂಗ್ ಮಾಡಿಸುತ್ತೇನೆ. ಎರಡೂ ಕೆನ್ನೆಯ ಮೇಲೆ ಹೆರಿಗೆಯ ನಂತರ ಬಂದ ಬಂಗು, 3 ವರ್ಷವಾಯಿತು. ಒಂದು ಕ್ಲಿನಿಕ್ಕಿನಲ್ಲಿ ಐಪಿಎಲ್ ಫೋಟೊಫೇಶಿಯಲ್ 8 ಸಿಟ್ಟಿಂಗ್ ತೆಗೆದುಕೊಂಡರೆ ಕೂದಲು, ಬಂಗು ಎರಡೂ ಹೋಗುತ್ತವೆ ಎನ್ನುತ್ತಿದ್ದಾರೆ. ಇದು ನಿಜವೇ? ಯಾವ ಮಷೀನ್ ಕೇಳಬೇಕು? 4 ತಿಂಗಳಲ್ಲಿ ತಮ್ಮನ ಮದುವೆ ಇದೆ, ಅಷ್ಟರೊಳಗೆ ಏನು ಸಾಧ್ಯ?

ಉತ್ತರ 1: ಚರ್ಮವೈದ್ಯೆ_ಮೈಸೂರು

ಶ್ರಾವಣಿಯವರೇ, ಆ ಪ್ಯಾಕೇಜಿಗೆ ಮುಂಗಡ ಕಟ್ಟಬೇಡಿ. ಇವು ಎರಡು ಬೇರೆ ತೊಂದರೆಗಳು. ಒಂದಕ್ಕೆ ಬೇಕಾದ ಶಾಖವೇ ಇನ್ನೊಂದನ್ನು ಕೆರಳಿಸುತ್ತದೆ.

ಕೂದಲು ತೆಗೆಯುವ ಬೆಳಕು ಹುಡುಕುವುದು ಮೆಲನಿನ್ ಎಂಬ ಕಪ್ಪು ಬಣ್ಣವನ್ನು. ಚರ್ಮಕ್ಕೆ ಪೆಟ್ಟಾಗದಂತೆ ಬಣ್ಣವಿರುವ ಗುರಿಯನ್ನು ಮಾತ್ರ ಕಾಯಿಸಬಹುದು ಎಂಬ ತತ್ವವನ್ನು ಆಂಡರ್ಸನ್ ಮತ್ತು ಪ್ಯಾರಿಶ್ 1983ರಲ್ಲಿ ಮಂಡಿಸಿದರು. ಇಂದಿನ ಎಲ್ಲ ಹೇರ್ ಲೇಸರ್‌ಗಳ ಬುನಾದಿ ಅದೇ. ಆದರೆ ಬೆಳಕಿಗೆ ಕೂದಲಿನ ಕಪ್ಪು ಯಾವುದು, ಚರ್ಮದ ಕಪ್ಪು ಯಾವುದು ಎಂಬ ಭೇದ ತಿಳಿಯದು. ಚರ್ಮದ ಬಣ್ಣವನ್ನು 1ರಿಂದ 6ರವರೆಗೆ ವಿಂಗಡಿಸುವ ಫಿಟ್ಜ್‌ಪ್ಯಾಟ್ರಿಕ್ ಅಳತೆಯಲ್ಲಿ ನಮ್ಮ ಕಡೆಯ ಬಹುಪಾಲು ಜನ 4 ಅಥವಾ 5ನೇ ವರ್ಗಕ್ಕೆ ಬರುತ್ತಾರೆ. ನೀವು ವಿವರಿಸಿದ ಚರ್ಮವೂ ಅಲ್ಲಿಯದೇ. ಇಂಥ ಚರ್ಮದ ಮೇಲ್ಪದರವೇ ಅರ್ಧ ಬೆಳಕನ್ನು ನುಂಗಿಬಿಟ್ಟರೆ ಬುಡಕ್ಕೆ ತಲುಪುವುದು ಕಡಿಮೆ, ಮೇಲೆ ಸುಡುವುದು ಹೆಚ್ಚು.

ತರಂಗಾಂತರ ಉದ್ದವಾದಷ್ಟೂ ಮೆಲನಿನ್ ಹೀರುವುದು ಕಡಿಮೆ, ಬೆಳಕು ಇಳಿಯುವ ಆಳ ಹೆಚ್ಚು. ಕೂದಲು ತೆಗೆಯುವ ಲೇಸರ್‌ಗಳ ತರಂಗಾಂತರ ಹೀಗಿದೆ: ಅಲೆಕ್ಸಾಂಡ್ರೈಟ್ 755 ನ್ಯಾನೊಮೀಟರ್, ಡಯೋಡ್ 800–810, ಎನ್‌ಡಿ ಯಾಗ್ 1064. ನಿಮಗೆ ಎನ್‌ಡಿ ಯಾಗ್ ಎಲ್ಲಕ್ಕಿಂತ ಸುರಕ್ಷಿತ. ಚೆನ್ನಾದ ಕೂಲಿಂಗ್ ಇರುವ ಡಯೋಡ್ ಕೂಡ ಅನುಭವಿಗಳ ಕೈಯಲ್ಲಿ ನಡೆಯುತ್ತದೆ. ಐಪಿಎಲ್ ಲೇಸರ್ ಅಲ್ಲವೇ ಅಲ್ಲ. ಸುಮಾರು 500ರಿಂದ 1200 ನ್ಯಾನೊಮೀಟರ್‌ವರೆಗಿನ ಬೆಳಕನ್ನು ಒಟ್ಟಿಗೆ ಚೆಲ್ಲುವ ದೀಪ ಅದು. ಫಿಲ್ಟರ್ ಹಾಕಿ ಗಿಡ್ಡ ತರಂಗಗಳನ್ನು ತಡೆಯುತ್ತಾರೆ. ಬಿಳಿ ಚರ್ಮದ ಮೇಲೆ ಒಳ್ಳೆಯ ಫಲ ಕೊಡುತ್ತದೆ, ನಮ್ಮ ಬಣ್ಣಕ್ಕೆ ಅದರಲ್ಲಿ ಸುಟ್ಟ ಗಾಯದ ಅಪಾಯ ಜಾಸ್ತಿ.

ಇನ್ನು ಬಂಗು. ಅಲ್ಲಿ ಬಣ್ಣ ತಯಾರಿಸುವ ಜೀವಕೋಶಗಳೇ ಕೆರಳಿ ಕೂತಿರುತ್ತವೆ. ಬೆಳಕಿನಿಂದ ಬಣ್ಣದ ಕಣಿಕೆಗಳನ್ನು ಒಡೆಯಬಹುದು, ತಯಾರಿಸುವ ಜೀವಕೋಶ ಮಾತ್ರ ಹಾಗೇ ಉಳಿದು ಶಾಖಕ್ಕೆ ಇನ್ನಷ್ಟು ಬಣ್ಣ ಸುರಿಸುತ್ತದೆ. ಹಾಗಾಗಿ ಐಪಿಎಲ್ ಆದ ಮೊದಲ ಕೆಲವು ವಾರ ತಿಳಿಯಾದಂತೆ ಕಂಡು ಆಮೇಲೆ ಮೊದಲಿಗಿಂತ ಗಾಢವಾಗಿ ಮರಳುವ ಪ್ರಸಂಗಗಳು ಬಹಳ. ಕೂದಲಿನ ಲೇಸರ್ ಹೊಡೆಸುವಾಗಲೂ ಬಂಗು ಇರುವ ಕೆನ್ನೆಯ ಮೇಲ್ಭಾಗವನ್ನು ಬಿಟ್ಟುಬಿಡಲು ಹೇಳಿ.

ಒಂದು ಮಾತು ಕೇಳಬೇಕು: ಮುಟ್ಟು ಸರಿಯಾಗಿ ಆಗುತ್ತಿದೆಯೇ? ಬಂಗಿಗೆ ಈಗ ಏನಾದರೂ ಹಚ್ಚುತ್ತಿದ್ದೀರಾ?

ಉತ್ತರ 2: ಲೇಸರ್_ಟೆಕ್ನಿಷಿಯನ್

ಡಾಕ್ಟರ್ ಮೇಡಂ ಹೇಳಿದ್ದಕ್ಕೆ ಮಷೀನಿನ ಕಡೆಯ ವಿವರ ಸೇರಿಸುತ್ತೇನೆ.

ಮೊದಲು ಥ್ರೆಡಿಂಗ್ ನಿಲ್ಲಿಸಿ. ಥ್ರೆಡಿಂಗ್, ವ್ಯಾಕ್ಸಿಂಗ್, ಚಿಮಟ ಯಾವುದೇ ಆದರೂ ಕೂದಲನ್ನು ಬುಡಸಮೇತ ಕೀಳುತ್ತದೆ. ಬುಡದಲ್ಲಿ ಕಪ್ಪೇ ಇಲ್ಲದಿದ್ದರೆ ಲೇಸರ್ ಹಿಡಿಯುವುದು ಏನನ್ನು? ಕನಿಷ್ಠ 4 ವಾರ ಮೊದಲಿನಿಂದ ರೇಜರ್ ಮಾತ್ರ. ಶೇವ್ ಮಾಡಿದರೆ ಕೂದಲು ದಪ್ಪವಾಗುವುದಿಲ್ಲ, ತುದಿ ಮೊಂಡಾಗುವುದರಿಂದ ಒರಟು ಅನಿಸುತ್ತದೆ ಅಷ್ಟೆ. ಲೇಸರಿನ ಹಿಂದಿನ ದಿನ ನುಣ್ಣಗೆ ಶೇವ್ ಮಾಡಿ ಬನ್ನಿ. ಮೇಲೆ ಉಳಿದ ಕೂದಲು ಬೆಂಕಿಕಡ್ಡಿಯಂತೆ ಉರಿದು ಚರ್ಮ ಸುಡುತ್ತದೆ, ಅದರ ಕರಿ ಮಷೀನಿನ ಗಾಜಿಗೆ ಅಂಟಿಕೊಂಡರೆ ಮುಂದಿನ ಪ್ರತಿ ಶಾಟಿನಲ್ಲೂ ಅದೇ ಜಾಗ ಕಾದು ಮುದ್ರೆ ಒತ್ತಿದ ಹಾಗೆ ಗಾಯವಾಗುತ್ತದೆ. ನಡುನಡುವೆ ಗಾಜನ್ನು ಒರೆಸುತ್ತಾರೆಯೇ ಎಂದು ನೋಡಿಕೊಳ್ಳಿ.

ಕಪ್ಪು ಚರ್ಮಕ್ಕೆ ಪಲ್ಸ್, ಅಂದರೆ ಒಂದು ಶಾಟ್ ಬೆಳಗುವ ಅವಧಿ, ಉದ್ದವಿರಬೇಕು, 30 ಮಿಲಿಸೆಕೆಂಡಿನ ಆಸುಪಾಸು. ಚರ್ಮದ ಮೇಲ್ಪದರ ತೆಳು, ಬೇಗ ತಣಿಯುತ್ತದೆ. ಕೂದಲ ಬುಡ ದಪ್ಪ, ತಡವಾಗಿ ತಣಿಯುತ್ತದೆ. ನಿಧಾನವಾಗಿ ಶಾಖ ಕೊಟ್ಟರೆ ಮೇಲ್ಪದರಕ್ಕೆ ಉಸಿರು ಬಿಡಲು ಸಮಯ ಸಿಗುತ್ತದೆ. ಜೊತೆಗೆ ತಣ್ಣನೆಯ ಸಫೈರ್ ತುದಿ, ತಣ್ಣನೆ ಗಾಳಿ ಅಥವಾ ಸ್ಪ್ರೇ, ಯಾವುದಾದರೊಂದು ಕೂಲಿಂಗ್ ಇರಲೇಬೇಕು.

ಟೆಸ್ಟ್ ಪ್ಯಾಚ್ ಬಿಡಬೇಡಿ. ದವಡೆಯ ಕೆಳಗೆ ಕಾಣದ ಜಾಗದಲ್ಲಿ ನಾಲ್ಕೈದು ಶಾಟ್ ಹಾಕಿಸಿ 1–2 ವಾರ ಕಾಯಿರಿ. ನಮ್ಮ ಬಣ್ಣದಲ್ಲಿ ಕಲೆ ತಡವಾಗಿ ಏಳುತ್ತದೆ, ಮರುದಿನವೇ ನೋಡಿ ಸರಿಯಾಗಿದೆ ಎನ್ನಲಾಗದು. ಶಾಟ್ ಬಿದ್ದ ಕೆಲವೇ ನಿಮಿಷಕ್ಕೆ ಪ್ರತಿ ಕೂದಲ ಬುಡ ಚಳಿಗೆ ಎದ್ದ ಗುಳ್ಳೆಯಂತೆ ಉಬ್ಬಿ ಸುತ್ತ ತುಸು ಕೆಂಪಾದರೆ ಅದು ಸರಿಯಾದ ಗುರುತು, ಒಂದೆರಡು ದಿನದಲ್ಲಿ ಇಳಿಯುತ್ತದೆ. ಚರ್ಮ ಬೂದು ಅಥವಾ ಬಿಳಿಯಾಗಿ ಕಂಡರೆ ಆ ಕ್ಷಣವೇ ನಿಲ್ಲಿಸಬೇಕು. ಮುಂದಿನ 1–3 ವಾರ ಕೂದಲು ಹೊರಬರುತ್ತಿರುವಂತೆ ಕಾಣುತ್ತದೆ. ಅದು ಬೆಳವಣಿಗೆಯಲ್ಲ, ಸತ್ತ ಕೂದಲು ಉದುರುತ್ತಿದೆ. ಕೀಳಬೇಡಿ.

ಮುಖಕ್ಕೆ 4–6 ವಾರದ ಅಂತರದಲ್ಲಿ 6–8 ಸಿಟ್ಟಿಂಗ್ ಲೆಕ್ಕ. ಬೆಳೆಯುವ ಹಂತದಲ್ಲಿರುವ ಕೂದಲಿಗಷ್ಟೇ ಪೆಟ್ಟು ಬೀಳುವುದರಿಂದ ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. 4 ತಿಂಗಳಲ್ಲಿ ಮೂರು ಆಗಬಹುದು, ಕೊನೆಯದು ಮದುವೆಗೆ 3 ವಾರ ಮೊದಲೇ ಮುಗಿಯಲಿ. ಬಿಳಿ ಕೂದಲಿಗೆ ಯಾವ ಲೇಸರೂ ಕೆಲಸ ಮಾಡದು, ಅದನ್ನು ಶಾಶ್ವತವಾಗಿ ತೆಗೆಯಲು ಎಲೆಕ್ಟ್ರಾಲಿಸಿಸ್ (ಪ್ರತಿ ಕೂದಲ ಬುಡಕ್ಕೆ ಸೂಜಿಯಿಂದ ವಿದ್ಯುತ್ ಹಾಯಿಸುವುದು) ಒಂದೇ ದಾರಿ.

ಇನ್ನೊಂದು ಎಚ್ಚರಿಕೆ: ದವಡೆ, ಕುತ್ತಿಗೆಯಲ್ಲಿ ತೀರಾ ಸೌಮ್ಯವಾಗಿ ಹೊಡೆದರೆ ಕೆಲವರಿಗೆ ಕೂದಲು ಹೆಚ್ಚಾಗುವುದೂ ಉಂಟು. ಬುಡ ಸಾಯುವಷ್ಟು ಶಾಖ ಸಿಗದೆ, ಮಲಗಿದ್ದ ಸಣ್ಣ ಕೂದಲನ್ನು ಎಬ್ಬಿಸುವಷ್ಟು ಮಾತ್ರ ಸಿಕ್ಕಿರುತ್ತದೆ ಎಂದು ತಿಳಿಯಲಾಗಿದೆ. ನವಿರಾದ ತೆಳುಗೂದಲಿಗೆ ಲೇಸರ್ ಮಾಡಿಸಲೇಬೇಡಿ.

ಶ್ರಾವಣಿ_ಹಾಸನ

ಇಬ್ಬರಿಗೂ ಧನ್ಯವಾದ. ಮುಟ್ಟು 45–60 ದಿನಕ್ಕೊಮ್ಮೆ. ಬಂಗಿಗೆ ಮೆಡಿಕಲ್ ಶಾಪಿನಲ್ಲಿ ಕೊಟ್ಟ ಕ್ರೀಮ್ ಒಂದು ವರ್ಷದಿಂದ ಹಚ್ಚುತ್ತಿದ್ದೇನೆ. ಟ್ಯೂಬಿನ ಮೇಲೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಎಂದಿದೆ. ಬಿಟ್ಟರೆ ಮುಖ ಉರಿಯುತ್ತದೆ.

ಉತ್ತರ 3: ಚರ್ಮವೈದ್ಯೆ_ಮೈಸೂರು

ಹಾಗಾದರೆ ಲೇಸರಿಗಿಂತ ಮೊದಲು ಮಾಡಬೇಕಾದ ಕೆಲಸ ಬೇರೆಯೇ ಇದೆ.

ಮೊಮೆಟಾಸೋನ್ ಸ್ಟೀರಾಯ್ಡ್. ವೈದ್ಯರ ಚೀಟಿ ಇಲ್ಲದೆ ಅಂಗಡಿಯವರು ಕೊಡಬಾರದ ಔಷಧ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ರಕ್ತನಾಳ ಕಾಣಿಸಿ, ಮೊಡವೆ ಏಳುತ್ತದೆ. ಮುಖದ ಮೇಲೆ ಕೂದಲನ್ನೂ ಬೆಳೆಸುತ್ತದೆ, ಇದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಅಂಥ ಚರ್ಮದ ಮೇಲೆ ಲೇಸರ್ ಬಿದ್ದರೆ ಗಾಯ ಮಾಯುವುದೂ ನಿಧಾನ. ಬಿಟ್ಟಾಗ ಉರಿಯುವುದು ಚರ್ಮ ಅದಕ್ಕೆ ಒಗ್ಗಿಹೋಗಿರುವ ಲಕ್ಷಣ. ಚರ್ಮವೈದ್ಯರ ಕಣ್ಣೆದುರಿನಲ್ಲಿ ಹಂತಹಂತವಾಗಿ ಬಿಡಿಸಿಕೊಳ್ಳಿ, ಉರಿ ತಣಿದ ಮೇಲೆ ಲೇಸರಿನ ಮಾತು.

ಬಂಗಿನ ಚಿಕಿತ್ಸೆಯಲ್ಲಿ ಅರ್ಧ ಪಾಲು ಸನ್‌ಸ್ಕ್ರೀನಿನದು. ಟಿಂಟೆಡ್ ಎಂದು ಬರೆದಿರುವ, ಐರನ್ ಆಕ್ಸೈಡ್ ಇರುವುದನ್ನೇ ಕೊಳ್ಳಿ. ಬಂಗನ್ನು ಕಪ್ಪಾಗಿಸುವ ಕಣ್ಣಿಗೆ ಕಾಣುವ ಬೆಳಕನ್ನು ಬರಿಯ ಎಸ್‌ಪಿಎಫ್ ತಡೆಯುವುದಿಲ್ಲ. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎಳೆದಷ್ಟು ಕ್ರೀಮ್ ಮುಖ-ಕುತ್ತಿಗೆಗೆ ಬೇಕು, ಹೊರಗಿದ್ದರೆ 2–3 ಗಂಟೆಗೊಮ್ಮೆ ಮತ್ತೆ. ಒಲೆಯ ಝಳವೂ ಕೆರಳಿಸುತ್ತದೆ. ನಿಂಬೆರಸ ಹಚ್ಚುವುದನ್ನು, ಕಡಲೆಹಿಟ್ಟು ಹಾಕಿ ಉಜ್ಜುವುದನ್ನು ಬಿಡಿ. ಹಚ್ಚಲು ಅಜೆಲೇಯಿಕ್ ಆಮ್ಲ 15–20 ಶೇಕಡಾ ಒಳ್ಳೆಯ ಆಯ್ಕೆ, ಫಲ ಕಾಣಲು 3 ತಿಂಗಳಾದರೂ ಬೇಕು.

ಕ್ಯೂ-ಸ್ವಿಚ್ಡ್ (ಅತಿ ಗಿಡ್ಡ ಪಲ್ಸಿನ) ಎನ್‌ಡಿ ಯಾಗ್‌ನ ಲೇಸರ್ ಟೋನಿಂಗ್ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಔಷಧಿಗೆ ಬಗ್ಗದ ಬಂಗಿಗೆ ಕಡಿಮೆ ಶಕ್ತಿಯಲ್ಲಿ ಬಳಸುವುದುಂಟು. ನಿಲ್ಲಿಸಿದ ಕೆಲವೇ ತಿಂಗಳಲ್ಲಿ ಮರಳುವುದು ಸಾಮಾನ್ಯ, ಸಿಟ್ಟಿಂಗ್ ಅತಿಯಾದರೆ ಕೆನ್ನೆ ಮೇಲೆ ಅಕ್ಕಿಕಾಳಿನಂತೆ ಬಿಳಿ ಚುಕ್ಕೆ ಬೀಳುತ್ತದೆ, ಅವನ್ನು ಸರಿಪಡಿಸುವುದು ಬಂಗಿಗಿಂತ ಕಷ್ಟ. ನಿಮಗೆ ಈಗ ಬೇಡ.

ಮುಟ್ಟಿನ ಅಂತರ ನೋಡಿದರೆ ಪಿಸಿಒಎಸ್ ಎಂಬ ಅಂಡಾಶಯ-ಹಾರ್ಮೋನ್ ತೊಂದರೆ ಇದೆಯೇ ಎಂದು ತಿಳಿಯಲೇಬೇಕು: ಟೆಸ್ಟೋಸ್ಟೆರಾನ್, ಥೈರಾಯ್ಡ್, ಪ್ರೊಲ್ಯಾಕ್ಟಿನ್, ಸಕ್ಕರೆ, ಒಂದು ಸ್ಕ್ಯಾನಿಂಗ್. ಹಾರ್ಮೋನ್ ಹಾಗೇ ಬಿಟ್ಟು ಲೇಸರ್ ಮಾಡಿಸಿದರೆ ಹೊಸ ಕೂದಲು ಬರುತ್ತಲೇ ಇರುತ್ತದೆ. ಇಲ್ಲೊಂದು ತೊಡಕಿದೆ, ದಯವಿಟ್ಟು ನೆನಪಿಡಿ. ಪಿಸಿಒಎಸ್‌ಗೆ ಕೊಡುವ ಈಸ್ಟ್ರೋಜೆನ್ ಇರುವ ಮಾತ್ರೆ ಬಂಗನ್ನು ಹೆಚ್ಚಿಸಬಲ್ಲದು. ಬಂಗಿಗೆ ಕೊಡುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆಯನ್ನು ಅದರ ಜೊತೆ ನುಂಗಿದರೆ ರಕ್ತ ಹೆಪ್ಪುಗಟ್ಟುವ ಅಪಾಯ. ಹೆರಿಗೆ ಡಾಕ್ಟರಿಗೆ ಬಂಗಿನ ಮಾತ್ರೆ, ಚರ್ಮದ ಡಾಕ್ಟರಿಗೆ ಮುಟ್ಟಿನ ಮಾತ್ರೆ, ಎರಡನ್ನೂ ತೋರಿಸಿ.

ಉತ್ತರ 4: ಲೇಸರ್_ಟೆಕ್ನಿಷಿಯನ್

ಮೊಮೆಟಾಸೋನ್ ವಿಷಯ ತಿಳಿದ ಮೇಲೆ ಮದುವೆಗೆ ಮೊದಲು ಮೂರು ಸಿಟ್ಟಿಂಗ್ ಎಂದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಅಲ್ಲಿಯವರೆಗೆ ಗದ್ದಕ್ಕೆ ರೇಜರ್ ಸಾಕು, ಮದುವೆ ಮುಗಿದ ಮೇಲೆ ಲೇಸರ್ ಶುರುಮಾಡಿ.

ಆಗ ಕ್ಲಿನಿಕ್ಕಿನ ಗೋಡೆಯಲ್ಲಿ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಇದೆಯೇ ನೋಡಿ. ಕಣ್ಣಿಗೆ ಆ ತರಂಗಾಂತರಕ್ಕೆ ತಕ್ಕ ಕನ್ನಡಕ ಹಾಕಿಸಿಕೊಳ್ಳಿ. ಪ್ರತಿ ಸಿಟ್ಟಿಂಗಿನ ತರಂಗಾಂತರ, ಸ್ಪಾಟಿನ ಅಳತೆ, ಪಲ್ಸ್, ಜೂಲ್ (ಶಕ್ತಿಯ ಪ್ರಮಾಣ) ನಾಲ್ಕನ್ನೂ ನಿಮ್ಮ ಫೈಲಿನಲ್ಲಿ ಬರೆಸಿ, ಫೋಟೊ ತೆಗೆದಿಟ್ಟುಕೊಳ್ಳಿ. ಊರು ಬದಲಾದರೆ ಮುಂದಿನವರು ಊಹೆಯ ಮೇಲೆ ಶುರುಮಾಡಬೇಕಿಲ್ಲ. ಸುಟ್ಟರೆ ತಕ್ಷಣ ತಣ್ಣೀರಿನ ಬಟ್ಟೆ ಇಡಿ, ಬರಿಯ ಐಸ್ ಒತ್ತಬೇಡಿ, ಟೂತ್‌ಪೇಸ್ಟ್ ಹಚ್ಚಬೇಡಿ. ಅದೇ ದಿನ ವೈದ್ಯರಿಗೆ ತೋರಿಸಿ. ಹಕ್ಕಳೆಯನ್ನು ಉಗುರಿನಿಂದ ಎಬ್ಬಿಸಿದರೆ ಆ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.